ಎಚ್ಚರಿಕೆಯ ಸಾಲು ಮನಸ್ಸನ್ನು ಕಾಯುತ್ತದೆಯೇ?

ಹಲಸೂರು ದಾಟಿ ಇಂದಿರಾನಗರದತ್ತ ಓಡುವ ಮೆಟ್ರೋದಲ್ಲಿ ಎಷ್ಟೋ ಜನ ತಲೆ ಬಗ್ಗಿಸಿ ಮೊಬೈಲಿನಲ್ಲಿ ವೆಬ್ ಸರಣಿ ನೋಡುತ್ತಿರುತ್ತಾರೆ. ಕತೆ ಶುರುವಾಗುವಾಗ ತೆರೆಯ ಮೂಲೆಯಲ್ಲಿ ವಯಸ್ಸಿನ ಅಂಕಿ, ಪಕ್ಕದಲ್ಲಿ ‘ಹಿಂಸೆ’ಯಂಥ ಪದಗಳು ಮೂಡುತ್ತವೆ. 2021ರ ಐಟಿ ನಿಯಮಗಳು ಒಟಿಟಿಗಳಿಗೆ ಇದನ್ನು ಕಡ್ಡಾಯ ಮಾಡಿವೆ. ಚಿಕ್ಕ ಮಕ್ಕಳಿರುವ ಮನೆಗೆ ಇದು ಅನುಕೂಲವೇ.

ಇದರ ಹತ್ತಿರದ ನೆಂಟ ‘ಟ್ರಿಗರ್ ವಾರ್ನಿಂಗ್’. ದೌರ್ಜನ್ಯ, ಅಪಘಾತಗಳನ್ನು ಕಂಡುಂಡವರ ಹಳೆಯ ಗಾಯ ಕೆದಕದಿರಲಿ ಎಂದು ಪಾಠಕ್ಕೋ ಸಿನಿಮಾಕ್ಕೋ ಮುಂಚೆ ಕೊಡುವ ಸೂಚನೆ. ಉದ್ದೇಶ ಒಳ್ಳೆಯದು. ಫಲ?

2018ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಕೆಲವರಿಗೆ ಎಚ್ಚರಿಕೆ ಕೊಟ್ಟು, ಕೆಲವರಿಗೆ ಕೊಡದೆ, ಕಳವಳ ಹುಟ್ಟಿಸುವ ಸಾಹಿತ್ಯದ ತುಣುಕುಗಳನ್ನು ಓದಿಸಿದರು. ದಾಸ್ತೋವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯ ಭಾಗವೂ ಅದರಲ್ಲಿತ್ತು. ಮಾತೇ ಗಾಯ ಮಾಡುತ್ತದೆ ಎಂದು ನಂಬಿದವರಲ್ಲಿ ಎಚ್ಚರಿಕೆ ಆತಂಕವನ್ನು ಹೆಚ್ಚಿಸಿತು. 2020ರಲ್ಲಿ ಅದೇ ತಂಡ ಆಘಾತ ಅನುಭವಿಸಿದ 451 ಮಂದಿಯನ್ನೇ ಪರೀಕ್ಷಿಸಿತು, ಅವರಿಗೂ ಸಹಾಯವಾಗಲಿಲ್ಲ. ಆ ಘಟನೆಯೇ ತಮ್ಮ ಬದುಕಿನ ಕೇಂದ್ರ ಎಂಬ ಭಾವನೆ ಕೊಂಚ ಗಟ್ಟಿಯಾದ ಸುಳಿವೂ ಸಿಕ್ಕಿತು. ಮುಂದೆ 12 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಚಿತ್ರ ಬದಲಾಗಲಿಲ್ಲ: ಓದುವ ಮುಂಚಿನ ದಿಗಿಲು ಹೆಚ್ಚುತ್ತದೆ, ಓದಿದ ಮೇಲಿನ ನೋವು ತಗ್ಗುವುದಿಲ್ಲ. ಎಚ್ಚರಿಕೆ ಕಂಡು ಪುಟ ಮುಚ್ಚಿದವರೂ ವಿಶೇಷವಾಗಿ ಇರಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಏನೋ ಕೆಟ್ಟದ್ದು ಬರುತ್ತಿದೆ ಎಂದು ತಿಳಿದರೂ ಅದನ್ನು ಹೇಗೆ ಎದುರಿಸಬೇಕೆಂದು ಆ ಒಂದು ಸಾಲು ಹೇಳಿಕೊಡುವುದಿಲ್ಲ.

ಹಾಗಾದರೆ ನೊಂದವರು ನಿರ್ಭಯವಾಗಿರಲೆಂದು ಮೀಸಲಿಡುವ ‘ಸುರಕ್ಷಿತ ತಾಣ’ಗಳೂ ವ್ಯರ್ಥವೇ? ಇಲ್ಲಿ ಎರಡು ಸಂಗತಿ ಕಲಸಿಹೋಗಿವೆ. ನಮ್ಮ ಮೆಟ್ರೋದ ಮೊದಲ ಬೋಗಿಯಲ್ಲಿ ಮಹಿಳೆಯರಿಗೆ ಮೀಸಲಿಟ್ಟ ಜಾಗ ನೂಕುನುಗ್ಗಲಿನ ನಿಜವಾದ ಕಿರುಕುಳಕ್ಕೆ ತಡೆ. ಅದನ್ನು ಅಂಜುಬುರುಕುತನ ಎನ್ನುವವರು ಸಂಜೆ ಆರರ ರೈಲು ಹತ್ತಿರಲಾರರು. ಕಿರುಕುಳದ ನೆನಪಿಗೆ ಹೆದರಿ ಬಸ್ಸು, ರೈಲುಗಳನ್ನೇ ಬಿಡುವುದು ಬೇರೆ ಮಾತು. ಹೀಗೆ ದೂರ ಸರಿದಷ್ಟೂ ಭಯ ಬೇರುಬಿಡುತ್ತದೆ. ಅದಕ್ಕೇ ಮನೋಚಿಕಿತ್ಸಕರು ರೋಗಿಯ ಜೊತೆಯಲ್ಲಿದ್ದು, ಹಂತ ಹಂತವಾಗಿ ಭಯಕ್ಕೆ ಎದುರಾಗುವ ಚಿಕಿತ್ಸೆ ಕೊಡುತ್ತಾರೆ.

‘ಜೊತೆ’ ಎಂಬುದೇ ಇಲ್ಲಿ ಮುಖ್ಯ. ಆಘಾತದ ನಂತರ ಆಸರೆಯಿಲ್ಲದವರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಕಾಡುವ ಸಂಭವ ಹೆಚ್ಚೆಂದು 2000ರ ದೊಡ್ಡ ವಿಶ್ಲೇಷಣೆಯೊಂದು ತೋರಿಸಿತ್ತು. 2003ರಲ್ಲಿ ಬೆಂಗಳೂರಿನಲ್ಲಿ ಜಸ್ಮೀನ್ ಪತೇಜಾ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಎಂಬ ಬಳಗ ಮಹಿಳೆಯರನ್ನು ಗುಂಪಾಗಿ ಪಾರ್ಕುಗಳಿಗೆ ಕರೆದು, ಹುಲ್ಲಿನ ಮೇಲೆ ನಿದ್ದೆ ಮಾಡಿಸಿತು. ಹೆದರಬೇಕೆಂದು ಕಲಿಸಿದ್ದ ಜಾಗಕ್ಕೇ, ಒಟ್ಟಿಗೆ. ಇದು ಚಿಕಿತ್ಸೆಯಲ್ಲ, ಆದರೆ ತರ್ಕ ಅದೇ.

ಹಾಗಾಗಿ ಮೇಷ್ಟ್ರುಗಳು ಎಚ್ಚರಿಕೆ ಕೊಡುವುದಾದರೆ ಪಾಠದಲ್ಲಿ ಏನಿದೆ, ಆಮೇಲೆ ಯಾರೊಡನೆ ಮಾತಾಡಬಹುದು ಎಂಬುದನ್ನೂ ಸೇರಿಸಿ ಹೇಳಲಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.