ಬೇಲಿ ಹಿಡಿದು ಬರುವ ಗೌರಿ

ಆಶ್ಲೇಷ ಮಳೆ ಕಳೆದು ಮಖೆ ಹಿಡಿದಿದೆ. ಶೃಂಗೇರಿಯಿಂದ ಕಿಗ್ಗದ ಕಡೆ ನಡೆದರೆ ದರೆಯ ಮೈಯಿಂದ ನೀರು ಇನ್ನೂ ಜಿನುಗುತ್ತಲೇ ಇದೆ. ನರಸಿಂಹ ಪರ್ವತದ ನೆತ್ತಿ ಮಂಜಿನೊಳಗೆ. ಗದ್ದೆ ಹಸಿರು, ಅಡಿಕೆ ತೋಟ ಹಸಿರು, ಕಲ್ಲಿಗೆ ಅಂಟಿದ ಪಾಚಿಯೂ ಹಸಿರು. ಅಲ್ಲೇ ಬೇಲಿಯ ತಿರುವಿನಲ್ಲಿ, ಒದ್ದೆ ಪೊದೆಗೆ ಕಿಡಿ ತಗುಲಿದಂತೆ ಒಂದು ಹೂವು. ಗೌರಿ ಹೂವು.

ಮೊಗ್ಗಿದ್ದಾಗ ತಲೆ ತಗ್ಗಿಸಿಕೊಂಡೇ ಇರುತ್ತದೆ, ಮೈಯೆಲ್ಲ ಎಳೆ ಹಸಿರು. ಅರಳುತ್ತಲೇ ಅಲೆಅಲೆಯಾದ ಆರು ಎಸಳೂ ಹಿಂದಕ್ಕೆ ಬಾಗಿ ಮೇಲಕ್ಕೆ ಏಳುತ್ತವೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ದಿನ ಕಳೆದಂತೆ ಹಳದಿಯೂ ಕೆಂಪಿನಲ್ಲಿ ಕರಗುತ್ತದೆ. ಅಗ್ನಿಶಿಖೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆರು ಕೇಸರಗಳು ಸುತ್ತಲೂ ಕೈ ಚಾಚಿರುತ್ತವೆ. ಶಲಾಕೆ ಮಾತ್ರ ಬುಡದಲ್ಲೇ ಪಕ್ಕಕ್ಕೆ ಮುರಿದು ಹೊರಗೆ ನಿಲ್ಲುತ್ತದೆ. ಜೇನಿಗೆಂದು ಬಂದ ಚಿಟ್ಟೆಯ ರೆಕ್ಕೆಗೆ ಪರಾಗ ಮೆತ್ತುವುದು ಈ ಚಾಚಿದ ಕೈಗಳಿಂದಲೇ.

ಇನ್ನೂ ಸೋಜಿಗ ಎಲೆಯದು. ಎಲೆಯ ತುದಿಯೇ ನೀಳವಾಗಿ ಸುರುಳಿಗೊಂಡು, ಸಿಕ್ಕಿದ ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಸ್ವಂತ ಬಲದಲ್ಲಿ ನಿಲ್ಲಲಾರದ ಬಳ್ಳಿ ಲಕ್ಕಿ ಗಿಡವನ್ನೋ ಲಂಟಾನವನ್ನೋ ನೆಚ್ಚಿ ಆಳೆತ್ತರ ಏರುತ್ತದೆ.

ಲಿನೇಯಸ್ 1753ರಲ್ಲಿ ಇದನ್ನು ಗ್ಲೋರಿಯೋಸಾ ಸುಪರ್ಬಾ ಎಂದು ಕರೆದ. ಬಹುಕಾಲ ಲಿಲ್ಲಿಗಳ ಮನೆಯಲ್ಲಿದ್ದ ಇದನ್ನು ಸಸ್ಯಶಾಸ್ತ್ರ ಈಗ ಕಾಲ್ಚಿಕೇಸಿ ಕುಟುಂಬಕ್ಕೆ ಸೇರಿಸಿದೆ. ತಮಿಳುನಾಡಿಗೆ ಇದು ರಾಜ್ಯಪುಷ್ಪ, ದೂರದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ. ನಮ್ಮ ಕೊಪ್ಪದ ಮನೆಗಳಲ್ಲಿ ಇದು ಭಾದ್ರಪದ ತದಿಗೆಯ ಗೌರಿಯ ಹೂವು, ಅಷ್ಟೇ.

ನೆಲದೊಳಗೆ ನೇಗಿಲಿನಂತೆ ಬಾಗಿದ ಗಡ್ಡೆ. ಸಂಸ್ಕೃತದಲ್ಲಿ ಲಾಂಗಲಿ ಎಂದದ್ದು ಅದಕ್ಕೇ. ಗೆಣಸೆಂದು ತಿಂದವರ ಪ್ರಾಣ ತೆಗೆದ ಗಡ್ಡೆ ಇದು. ಬೇರಿನಿಂದ ಬೀಜದವರೆಗೂ ಇರುವ ಕಾಲ್ಚಿಸಿನ್ ಜೀವಕೋಶಗಳು ಒಡೆದು ಎರಡಾಗುವುದನ್ನೇ ತಡೆಯುತ್ತದೆ. ಅದೇ ಕಾಲ್ಚಿಸಿನ್ ವೈದ್ಯರ ಅಳತೆಯಲ್ಲಿ ಗೌಟ್ ಎಂಬ ಕೀಲುನೋವಿಗೆ ಮದ್ದು. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ಜ್ವಾಲೆಯನ್ನೇ ಮಾಲೆಯಾಗಿ ತೊಟ್ಟ ಜ್ವಾಲಾಮಾಲಿನಿ ಇದ್ದಾಳೆ. ಆ ದಾರಿಯಲ್ಲಿ ಈ ಹೂವು ಕಂಡಾಗಲೆಲ್ಲ ನನಗೆ ಅವಳ ನೆನಪು. ಉರಿಯನ್ನು ಮೈಮೇಲೆ ಇಟ್ಟುಕೊಂಡೇ ಚೆಲುವಾಗಿರುವುದು ಇಬ್ಬರಿಗೂ ಗೊತ್ತು.

ಮಳೆ ನಿಂತ ಮೇಲೆ ಕಾಯಿ ಬಿರಿದು ಕೆಂಪು ಬೀಜಗಳು ಇಣುಕುತ್ತವೆ. ಬಳ್ಳಿ ಒಣಗಿ ಮಾಯವಾಗುತ್ತದೆ. ಬೇಸಗೆಯಿಡೀ ಗಡ್ಡೆಗೆ ನಿದ್ದೆ. ಮುಂಗಾರಿನ ತೇವ ತಾಗಿದರೆ ಮತ್ತೆ ಚಿಗುರು.

ಆ ನಿದ್ದೆಗೆ ಕದಲದ ನೆಲ ಬೇಕು. ದರೆಯನ್ನು ಯಂತ್ರ ಕೆರೆದಲ್ಲಿ, ಬೇಲಿಯ ಬುಡಕ್ಕೆ ಕಳೆನಾಶಕ ಹೊಡೆದಲ್ಲಿ, ಗಿಡಗಳ ಬೇಲಿ ಕಿತ್ತು ಕಲ್ಲುಕಂಬ ನೆಟ್ಟಲ್ಲಿ ಗೌರಿ ಏಳುವುದಿಲ್ಲ. ಹಬ್ಬದ ಹೂವಿಗೆ ನಾವು ತೋಟ ಮಾಡಿಕೊಡಬೇಕಿಲ್ಲ, ನೀರು ಎರೆಯಬೇಕಿಲ್ಲ. ಎಲೆಯ ತುದಿಗೆ ಹಿಡಿಯಲು ಒಂದು ಹಸಿ ಕಡ್ಡಿ ಉಳಿಸಿದರೆ ಸಾಕು, ಉಳಿದ ದಾರಿಯನ್ನು ಅವಳೇ ಏರಿ ಬರುತ್ತಾಳೆ.