ಏಳು ಗೋಲಿನ ಸೋಲಿನಿಂದ ವಿಶ್ವಕಪ್‌ವರೆಗೆ: ಲೂಸಿಯೊ ಎಂಬ ಸಂಚಾರಿ ರಕ್ಷಕ

1997ರ ಬ್ರೆಜಿಲ್ ಕಪ್ ಟೂರ್ನಿ. ರಾಜಧಾನಿ ಬ್ರೆಸಿಲಿಯಾ ಪ್ರದೇಶದ ಗ್ವಾರಾ ಎಂಬ ಸಣ್ಣ ಕ್ಲಬ್, ಪೋರ್ಟೊ ಅಲೆಗ್ರೆಯ ಹೆಸರಾಂತ ಇಂಟರ್‌ನಾಸಿಯೊನಲ್ ತಂಡದೆದುರು 0-7 ಗೋಲುಗಳಿಂದ ನೆಲಕಚ್ಚಿತು. ಏಳು ಗೋಲು ಬಿಟ್ಟುಕೊಟ್ಟ ತಂಡದ ರಕ್ಷಣಾ ಆಟಗಾರನನ್ನು ಸಾಮಾನ್ಯವಾಗಿ ಯಾರೂ ಹುಡುಕಿಕೊಂಡು ಬರುವುದಿಲ್ಲ. ಆದರೆ ಅಂದು ಗೆದ್ದ ತಂಡವೇ ಬಂದಿತು. ಸೋತ ತಂಡದ ಆ ಎತ್ತರದ ಹುಡುಗನನ್ನು ಇಂಟರ್‌ನಾಸಿಯೊನಲ್ ತನ್ನವನನ್ನಾಗಿ ಮಾಡಿಕೊಂಡಿತು.

ಆತನ ಪೂರ್ಣ ಹೆಸರು ಲುಸಿಮಾರ್ ಫೆರೇರಾ ಡ ಸಿಲ್ವ. ಜನನ 1978ರ ಮೇ 8ರಂದು, ಬ್ರೆಸಿಲಿಯಾ ಸಮೀಪದ ಪ್ಲಾನಾಲ್ಟಿನಾದಲ್ಲಿ. ಒಂದೇ ಪದದ ಕರೆಹೆಸರಿನಿಂದ ಆಟಗಾರರನ್ನು ಗುರುತಿಸುವ ಬ್ರೆಜಿಲ್ ಪದ್ಧತಿಯಂತೆ ಜಗತ್ತಿಗೆ ಅವರು ಲೂಸಿಯೊ. ನಾಲ್ಕು ದೇಶಗಳ ಕ್ಲಬ್‌ಗಳಿಗೆ ಆಡಿ, ದೇಶದ ಪರವಾಗಿ 105 ಪಂದ್ಯಗಳಲ್ಲಿ ಕಣಕ್ಕಿಳಿದ ಈ ಆಟಗಾರನ ವೃತ್ತಿಜೀವನವು ಪದಕಗಳ ಪಟ್ಟಿಯಷ್ಟೇ ಅಲ್ಲ. ರಕ್ಷಣಾ ಆಟಗಾರನ ಬದುಕು ಎಂಥ ಕತ್ತಿಯಂಚಿನ ಮೇಲೆ ನಡೆಯುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ.

ಮುಂಚೂಣಿ ಆಟಗಾರ ಒಂಬತ್ತು ಅವಕಾಶ ಕೈಚೆಲ್ಲಿ ಹತ್ತನೆಯದರಲ್ಲಿ ಗೋಲು ಹೊಡೆದರೆ ಜನ ಹೆಗಲ ಮೇಲೆ ಹೊರುತ್ತಾರೆ. ರಕ್ಷಕ ತೊಂಬತ್ತು ನಿಮಿಷ ಕೋಟೆಯಂತೆ ನಿಂತು ಒಮ್ಮೆ ಎಡವಿದರೆ ಮರುದಿನದ ಪತ್ರಿಕೆಯಲ್ಲಿ ಉಳಿಯುವುದು ಆ ಎಡವಟ್ಟು ಮಾತ್ರ. ಅದರಲ್ಲೂ ಬ್ರೆಜಿಲ್‌ನಂಥ ದೇಶದಲ್ಲಿ, ಎಲ್ಲರ ಕಣ್ಣೂ ಪೆಲೆಯ ವಾರಸುದಾರರ ಮೇಲೆ ನೆಟ್ಟಿರುವಾಗ, ಹಿಂದೆ ನಿಂತು ಚೆಂಡು ತಡೆಯುವವನಿಗೆ ಸಿಗುವ ಕೀರ್ತಿ ಅಷ್ಟಕ್ಕಷ್ಟೇ.

2001ರ ಆರಂಭದಲ್ಲಿ ಲೂಸಿಯೊ ಜರ್ಮನಿಯ ಬೇಯರ್ ಲೆವರ್‌ಕುಸೆನ್ ಸೇರಿದರು. ಮರುವರ್ಷದ ಕಥೆಯನ್ನು ಆ ಊರಿನವರು ಇಂದಿಗೂ ಮರೆತಿಲ್ಲ. 2002ರ ವಸಂತದಲ್ಲಿ ಲೆವರ್‌ಕುಸೆನ್ ಮೂರು ಪ್ರಶಸ್ತಿಗಳ ಹೊಸ್ತಿಲಲ್ಲಿತ್ತು. ಬುಂಡೆಸ್‌ಲೀಗಾದಲ್ಲಿ ಮೂರು ಪಂದ್ಯ ಬಾಕಿ ಇದ್ದಾಗ ಐದು ಅಂಕಗಳ ಮುನ್ನಡೆ ಇತ್ತು. ಆದರೂ ಪ್ರಶಸ್ತಿ ಡಾರ್ಟ್‌ಮುಂಡ್ ಪಾಲಾಯಿತು. ಮೇ 11ರಂದು ಜರ್ಮನ್ ಕಪ್ ಫೈನಲ್‌ನಲ್ಲಿ ಶಾಲ್ಕೆ ಎದುರು 2-4ರ ಸೋಲು. ನಾಲ್ಕು ದಿನಗಳ ನಂತರ ಗ್ಲಾಸ್ಗೋದ ಹ್ಯಾಂಪ್ಡೆನ್ ಪಾರ್ಕ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. ರೌಲ್ ಗೋಲಿಗೆ ಐದೇ ನಿಮಿಷದಲ್ಲಿ ತಲೆಯಿಂದಲೇ ಉತ್ತರ ಕೊಟ್ಟವರು ಲೂಸಿಯೊ. ಆದರೆ ವಿರಾಮಕ್ಕೆ ಮುನ್ನ ಜಿನೆದಿನ್ ಜಿದಾನ್, ಆಕಾಶದಿಂದ ಇಳಿದ ಚೆಂಡನ್ನು ಎಡಗಾಲಿನಿಂದ ಗಾಳಿಯಲ್ಲೇ ಒದ್ದು ಬಲೆ ಸೇರಿಸಿದರು. 2-1ರಿಂದ ಮ್ಯಾಡ್ರಿಡ್ ಗೆದ್ದಿತು. ಜಿದಾನರ ಗೋಲು ಚರಿತ್ರೆಗೆ ಸೇರಿತು; ಲೂಸಿಯೊ ಗೋಲನ್ನು ನೆನೆಯುವವರು ವಿರಳ.

ಆರೇ ವಾರಗಳಲ್ಲಿ ಚಕ್ರ ತಿರುಗಿತು. ವಿಶ್ವಕಪ್‌ನಲ್ಲಿ ಕೋಚ್ ಸ್ಕೊಲಾರಿ, ಕಫು ಮತ್ತು ರಾಬರ್ಟೊ ಕಾರ್ಲೋಸ್ ಇಬ್ಬರನ್ನೂ ಎರಡು ಅಂಚುಗಳಲ್ಲಿ ಮುಂದೆ ಬಿಟ್ಟಿದ್ದರು. ಹಾಗೆ ತೆರವಾದ ಜಾಗವನ್ನು ಕಾಯುವ ಹೊಣೆ ಲೂಸಿಯೊ, ಎಡ್ಮಿಲ್ಸನ್ ಮತ್ತು ರೋಕೆ ಜೂನಿಯರ್ ಎಂಬ ಮೂವರದು. ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಲೂಸಿಯೊ ಸುಲಭದ ಚೆಂಡೊಂದನ್ನು ಹಿಡಿತಕ್ಕೆ ತಂದುಕೊಳ್ಳಲಾಗದೆ ಮೈಕಲ್ ಓವೆನ್ ಕಾಲಿಗೆ ಒಪ್ಪಿಸಿಬಿಟ್ಟರು. ಇಂಗ್ಲೆಂಡ್‌ಗೆ 1-0 ಮುನ್ನಡೆ. ರಿವಾಲ್ಡೊ ಮತ್ತು ರೊನಾಲ್ಡಿನೊ ಗೋಲು ಹೊಡೆಯದೇ ಹೋಗಿದ್ದರೆ ಲೂಸಿಯೊ ಹೆಸರು ಬ್ರೆಜಿಲ್‌ನಲ್ಲಿ ಬೈಗುಳವಾಗಿ ಉಳಿಯುತ್ತಿತ್ತೇನೋ. ಜೂನ್ 30ರಂದು ಯೊಕೊಹಾಮಾದಲ್ಲಿ ಬ್ರೆಜಿಲ್ 2-0ಯಿಂದ ಜರ್ಮನಿಯನ್ನು ಸೋಲಿಸಿತು. ಎದುರು ಪಾಳಯದಲ್ಲಿ ಷ್ನೈಡರ್, ನಾಯ್‌ವಿಲ್, ರಾಮೆಲೊ ಇದ್ದರು. ಅಮಾನತಿನಿಂದಾಗಿ ಹೊರಗುಳಿದ ಬಲಾಕ್ ಇದ್ದರು. ಎಲ್ಲರೂ ಲೆವರ್‌ಕುಸೆನ್‌ನ ಸಹ ಆಟಗಾರರೇ. ಅವರ ಪಾಲಿಗೆ ಅದು ನಾಲ್ಕನೆಯ ಎರಡನೇ ಸ್ಥಾನ.

2004ರಲ್ಲಿ ಬೇಯರ್ನ್ ಮ್ಯೂನಿಕ್ ಸೇರಿದ ಲೂಸಿಯೊ, ಅಲ್ಲಿ ಮೂರು ಲೀಗ್ ಪ್ರಶಸ್ತಿ ಮತ್ತು ಮೂರು ಜರ್ಮನ್ ಕಪ್ ಗೆದ್ದರು. ಚೆಂಡು ಸಿಕ್ಕರೆ ತಮ್ಮ ಸ್ಥಾನ ಬಿಟ್ಟು ಎದುರಾಳಿ ಗೋಲಿನತ್ತ ದಾಪುಗಾಲು ಹಾಕುವುದು ಅವರ ಹುಟ್ಟುಗುಣ. ಪ್ರೇಕ್ಷಕರಿಗೆ ರೋಮಾಂಚನ, ಕೋಚ್‌ಗಳಿಗೆ ಎದೆಬಡಿತ. ಹಾಗೆಂದು ಅವರು ಒರಟರೂ ಅಲ್ಲ. 2006ರ ವಿಶ್ವಕಪ್‌ನಲ್ಲಿ ಸತತ 386 ನಿಮಿಷ ಒಂದೇ ಒಂದು ಫೌಲ್ ಮಾಡದೆ ಆಡಿದ್ದು ದಾಖಲೆ. ಅಂದರೆ ನಾಲ್ಕು ಪೂರ್ಣ ಪಂದ್ಯಗಳನ್ನು ಮುಗಿಸಿ, ಫ್ರಾನ್ಸ್ ವಿರುದ್ಧದ ಕ್ವಾರ್ಟರ್ ಫೈನಲ್‌ನ 26ನೇ ನಿಮಿಷದವರೆಗೆ. ಆ ಪಂದ್ಯದಲ್ಲಿ ಬ್ರೆಜಿಲ್ 0-1ರಿಂದ ಸೋತಿತು. ಆನ್ರಿಗೆ ಗೋಲಿನ ಚೆಂಡು ಕಳುಹಿಸಿದವರು ಮತ್ತೆ ಅದೇ ಜಿದಾನ್.

2009ರ ಜೂನ್‌ನಲ್ಲಿ ಜೊಹಾನ್ಸ್‌ಬರ್ಗ್‌ನ ಕಾನ್ಫೆಡರೇಷನ್ಸ್ ಕಪ್ ಫೈನಲ್. ಅಮೆರಿಕ ವಿರುದ್ಧ 0-2ರಿಂದ ಹಿಂದಿದ್ದ ಬ್ರೆಜಿಲ್ ಸಮಬಲ ಸಾಧಿಸಿತ್ತು; ಕೊನೆಯ ಹಂತದಲ್ಲಿ ನಾಯಕ ಲೂಸಿಯೊ ತಲೆಯಿಂದ ಗೆಲುವಿನ ಗೋಲು ಹೊಡೆದರು. ಆದರೆ ಅದೇ ಬೇಸಿಗೆಯಲ್ಲಿ ಮ್ಯೂನಿಕ್‌ಗೆ ಬಂದ ಹೊಸ ಕೋಚ್ ಲೂಯಿ ವಾನ್ ಗಾಲ್ ಅವರ ಯೋಜನೆಯಲ್ಲಿ ಅವರಿಗೆ ಜಾಗವಿರಲಿಲ್ಲ. 31ರ ವಯಸ್ಸಿನ ರಕ್ಷಕ ಇಟಲಿಯ ಇಂಟರ್ ಮಿಲಾನ್‌ಗೆ ಹೊರಟರು.

ಮಿಲಾನ್‌ನಲ್ಲಿ ಕೋಚ್ ಹೊಸೆ ಮೊರಿನ್ಯೊ ಅವರನ್ನು ಅರ್ಜೆಂಟೀನಾದ ವಾಲ್ಟರ್ ಸಾಮ್ಯುಯೆಲ್ ಪಕ್ಕದಲ್ಲಿ ನಿಲ್ಲಿಸಿದರು. ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ, ಬಾರ್ಸಿಲೋನಾದ ಅಂಗಳದಲ್ಲಿ, ಥಿಯಾಗೊ ಮೊಟ್ಟಾ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಹತ್ತೇ ಮಂದಿ ಗೋಲು ಕಾದರು. 0-1ರಿಂದ ಸೋತರೂ, ಮೊದಲ ಪಂದ್ಯದ 3-1ರ ಗೆಲುವಿನ ಬಲದಿಂದ ಇಂಟರ್ ಫೈನಲ್ ಪ್ರವೇಶಿಸಿತು. 2010ರ ಮೇ 22ರಂದು ಮ್ಯಾಡ್ರಿಡ್‌ನಲ್ಲಿ ಎದುರಾಳಿ ಯಾರು? ವಾನ್ ಗಾಲ್ ಅವರ ಬೇಯರ್ನ್. ಬೇಡವೆನಿಸಿಕೊಂಡ ಆಟಗಾರ ನಿಂತ ಗೋಡೆಯನ್ನು ಆ ತಂಡಕ್ಕೆ ದಾಟಲಾಗಲಿಲ್ಲ. ಡಿಯೆಗೊ ಮಿಲಿಟೊ ಎರಡು ಗೋಲು ಹೊಡೆದರು. ಒಂದೇ ಋತುವಿನಲ್ಲಿ ಲೀಗ್, ಕಪ್ ಮತ್ತು ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದ ಮೊದಲ ಇಟಲಿ ತಂಡ ಇಂಟರ್. ಎಂಟು ವರ್ಷಗಳ ಹಿಂದೆ ಮೂರನ್ನೂ ಕಳೆದುಕೊಂಡವನ ಮಡಿಲಿಗೆ ಮೂರೂ ಬಿದ್ದಿದ್ದವು. ಆದರೆ ಆರು ವಾರ ಕಳೆಯುವಷ್ಟರಲ್ಲಿ, ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ಬ್ರೆಜಿಲ್ ನೆದರ್‌ಲೆಂಡ್ಸ್ ಎದುರು 1-2ರಿಂದ ಸೋತು ಮನೆಗೆ ಮರಳಿತು.

ಅನಂತರದ್ದು ಇಳಿಜಾರು. 2012ರಲ್ಲಿ ಇಂಟರ್‌ನ ಬದ್ಧವೈರಿ ಯುವೆಂಟಸ್‌ಗೆ ಹೋದರು; ಬೆರಳೆಣಿಕೆಯ ಪಂದ್ಯಗಳನ್ನಾಡಿ ಡಿಸೆಂಬರ್‌ನಲ್ಲೇ ಹೊರಬಂದರು. ತವರಿನಲ್ಲಿ ಸಾವೊ ಪಾವ್ಲೊ, ಪಾಲ್ಮೈರಾಸ್. 2015ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಗೋವಾ ತಂಡಕ್ಕೆ ಸೇರಿದಾಗ ಅಲ್ಲಿ ಕೋಚ್ ಆಗಿದ್ದವರು ಬ್ರೆಜಿಲ್‌ನ ಮತ್ತೊಬ್ಬ ದಿಗ್ಗಜ ಜಿಕೊ. ಆಗ ಆ ಲೀಗ್‌ನಲ್ಲಿ ಬೆಂಗಳೂರಿನ ತಂಡವಿರಲಿಲ್ಲ. ವಿಶ್ವಕಪ್ ವಿಜೇತನನ್ನು ನೋಡಬಯಸಿದ ಕಾರವಾರ ಕಡೆಯ ಅಭಿಮಾನಿಗಳಿಗೆ ಮಡಗಾಂವ್ ಪಕ್ಕದ ಫತೋರ್ಡಾವೇ ಹತ್ತಿರದ ಅಂಗಳ. ಅದೇ ಅಂಗಳದಲ್ಲಿ ನಡೆದ ಆ ವರ್ಷದ ಫೈನಲ್‌ನಲ್ಲಿ ಗೋವಾ ಕೊನೆಯ ಕ್ಷಣಗಳವರೆಗೆ 2-1ರಿಂದ ಮುಂದಿದ್ದು, ಚೆನ್ನೈ ಎದುರು 2-3ರಿಂದ ಸೋತಿತು.

2018ರಲ್ಲಿ ಗಾಮಾ, 2019ರಲ್ಲಿ ಬ್ರೆಸಿಲಿಯೆನ್ಸೆ: ಲೂಸಿಯೊ ಆಡಿದ ಕೊನೆಯ ಎರಡು ಕ್ಲಬ್‌ಗಳೂ ಅವರು ಹುಟ್ಟಿ ಬೆಳೆದ ರಾಜಧಾನಿ ಪ್ರದೇಶದವು. 2020ರ ಜನವರಿಯಲ್ಲಿ ನಿವೃತ್ತಿ ಪ್ರಕಟಿಸಿದಾಗ ಅವರಿಗೆ 41 ವರ್ಷ.