ಸದಿಶವೆಂದರೇನು?

ಭೌತವಿಜ್ಞಾನದಲ್ಲಿ ಅಳೆಯುವ ರಾಶಿಗಳೆಲ್ಲ ಒಂದೇ ಜಾತಿಯವಲ್ಲ. ಚೀಲದಲ್ಲಿರುವ ಭತ್ತ 50 ಕಿಲೋಗ್ರಾಂ ಎಂದರೆ ಹೇಳಬೇಕಾದುದೆಲ್ಲವನ್ನೂ ಹೇಳಿದಂತಾಯಿತು. ಕಾಲ, ಉಷ್ಣತೆಗಳೂ ಹಾಗೆಯೇ. ಇವು ಅದಿಶ ರಾಶಿಗಳು. ಊರಿನಿಂದ ನೇರವಾಗಿ 5 ಕಿಲೋಮೀಟರು ನಡೆದವನು ಈಗ ಎಲ್ಲಿರುವನೆಂದು ಕೇಳಿದರೆ ಮಾತ್ರ, ದೂರವೊಂದನ್ನೇ ಬಲ್ಲವನು ಉತ್ತರಿಸಲಾರನು, ದಿಕ್ಕೂ ತಿಳಿದಿರಬೇಕು. ಸ್ಥಾನಪಲ್ಲಟ, ವೇಗ, ಬಲ ಇವು ಸದಿಶ ರಾಶಿಗಳು.

ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ 1840ರ ದಶಕದಲ್ಲಿ ಇದಕ್ಕೆ 'ವೆಕ್ಟರ್' ಎಂಬ ಹೆಸರನ್ನು ಬಳಕೆಗೆ ತಂದನು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಹೊತ್ತೊಯ್ಯುವುದು ಎಂಬ ಅರ್ಥವುಂಟು; ಬಿಂದುವೊಂದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಎಂದು ಇಲ್ಲಿಯ ಭಾವ. ದಿಶೆಯೊಡನೆ ಕೂಡಿದುದು 'ಸದಿಶ' ಎಂಬ ಕನ್ನಡದ ಹೆಸರು ಸೊಗಸಾದುದೇ ಸರಿ. ಆದರೆ ಹೆಸರನ್ನೇ ನೆಚ್ಚಿದ ವಿದ್ಯಾರ್ಥಿಯು ದಿಕ್ಕುಳ್ಳುದೆಲ್ಲವೂ ಸದಿಶವೆಂದು ಭ್ರಮಿಸುವ ಸಂಭವವಿದೆ. ಶಾಲಾಪುಸ್ತಕಗಳ ವ್ಯಾಖ್ಯೆಯೂ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ.

ಸದಿಶದ ನಿಜಲಕ್ಷಣವಿರುವುದು ಅದು ಕೂಡುವ ಕ್ರಮದಲ್ಲಿ. ಪೂರ್ವಕ್ಕೆ 3 ಕಿಲೋಮೀಟರು, ಅಲ್ಲಿಂದ ಉತ್ತರಕ್ಕೆ 4 ಕಿಲೋಮೀಟರು ನಡೆದವನು ಹೊರಟ ಸ್ಥಳದಿಂದ 7 ಅಲ್ಲ, 5 ಕಿಲೋಮೀಟರು ದೂರದಲ್ಲಿರುವನು. ಮೊದಲು ಉತ್ತರಕ್ಕೆ ನಡೆದು ಅನಂತರ ಪೂರ್ವಕ್ಕೆ ತಿರುಗಿದರೂ ಸೇರುವ ಸ್ಥಳ ಅದೇ. ಒಂದೇ ಬಿಂದುವಿನಿಂದ ಎರಡು ಸದಿಶಗಳನ್ನೆಳೆದು ಅವುಗಳ ಮೇಲೆ ಸಮಾಂತರ ಚತುರ್ಭುಜವನ್ನು ರಚಿಸಿದರೆ ಆ ಬಿಂದುವಿನಿಂದ ಹೊರಡುವ ಕರ್ಣವೇ ಅವುಗಳ ಮೊತ್ತ. ಬಲಗಳ ವಿಷಯದಲ್ಲಿ ಈ ನಿಯಮವನ್ನು ನ್ಯೂಟನ್ 1687ರ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ಚಲನನಿಯಮಗಳ ಬೆನ್ನಿಗೇ ನಿರೂಪಿಸಿದ್ದಾನೆ. ತೇರಿನ ಎರಡು ಹಗ್ಗಗಳನ್ನು ಸಮಬಲದಿಂದ ಒಂದೇ ದಿಕ್ಕಿಗೆ ಎಳೆದರೆ ಫಲ ಇಮ್ಮಡಿ. ಹಗ್ಗಗಳ ನಡುವಣ ಕೋನ 120 ಡಿಗ್ರಿಯಾದರೆ ಎರಡೂ ಸೇರಿ ಒಂದರಷ್ಟೇ ಫಲ. ಎಳೆಯುವವರ ಶ್ರಮವೇನೂ ಕಡಿಮೆಯಾಗಿರುವುದಿಲ್ಲ!

ಇನ್ನು ವಿದ್ಯುತ್ ಪ್ರವಾಹವನ್ನು ನೋಡಬಹುದು. ತಂತಿಯಲ್ಲಿ ಅದಕ್ಕೆ ದಿಕ್ಕುಂಟು. ಆದರೂ 3 ಮತ್ತು 4 ಆಂಪಿಯರುಗಳ ಎರಡು ಪ್ರವಾಹಗಳು ಒಂದು ಸಂಧಿಯಲ್ಲಿ ಕೂಡಿದರೆ, ತಂತಿಗಳ ನಡುವಣ ಕೋನ ಎಷ್ಟೇ ಇರಲಿ, ಹೊರಡುವುದು 7 ಆಂಪಿಯರೇ. ಆದಕಾರಣ ಅದು ಅದಿಶ.

ಪರಿಭ್ರಮಣದ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಮೇಜಿನ ಮೇಲೆ ಓದಲು ಅನುಕೂಲವಾಗುವಂತೆ, ಮುಖಪುಟ ಮೇಲಾಗಿ ಇಟ್ಟ ಪುಸ್ತಕವನ್ನು ಮೊದಲು ಮೇಜಿನ ಮೇಲೆಯೇ ಗಡಿಯಾರದ ಮುಳ್ಳಿನಂತೆ ಕಾಲು ಸುತ್ತು ತಿರುಗಿಸಿ, ಬಳಿಕ ಓದುಗನಿಂದ ದೂರವಿರುವ ಅಂಚನ್ನು ಮೇಲೆತ್ತಿ ನಿಲ್ಲಿಸಿದರೆ ಪುಸ್ತಕದ ಬೆನ್ನು ಮೇಲಾಗುತ್ತದೆ. ಮೊದಲು ಎತ್ತಿ ನಿಲ್ಲಿಸಿ ಬಳಿಕ ತಿರುಗಿಸಿದರೆ ತಲೆ ಮೇಲಾಗಿ, ಮುಖಪುಟ ಎಡಕ್ಕೆ ತಿರುಗುತ್ತದೆ. ಇಲ್ಲಿ ಪರಿಮಾಣವೂ ಇದೆ, ಅಕ್ಷದ ದಿಕ್ಕೂ ಇದೆ. ಕ್ರಮ ಬದಲಾದರೆ ಫಲ ಬದಲಾಗುವುದರಿಂದ ಇದು ಸದಿಶವಲ್ಲ. ತಿರುಗುವಿಕೆ ಅತ್ಯಲ್ಪವಾದಷ್ಟೂ ಈ ಅಂತರ ಇನ್ನೂ ಬೇಗನೆ ಕುಗ್ಗಿ ಗಣನೆಗೆ ಬಾರದಂತಾಗುತ್ತದೆ. ಆದುದರಿಂದಲೇ ಕ್ಷಣಕ್ಷಣದ ತಿರುಗುವಿಕೆಯನ್ನು ಅಳೆಯುವ ಕೋನೀಯ ವೇಗವು ಸದಿಶವೆನಿಸಿದೆ. ಭೂಮಿಯ ದೈನಂದಿನ ಭ್ರಮಣದ ಕೋನೀಯ ವೇಗವನ್ನು ದಕ್ಷಿಣ ಧ್ರುವದಿಂದ ಉತ್ತರ ಧ್ರುವದ ಕಡೆಗೆ ಅಕ್ಷದುದ್ದಕ್ಕೂ ಎಳೆದ ಒಂದು ಬಾಣದಿಂದ ಸೂಚಿಸುತ್ತಾರೆ.